ದುಗ್ಗಪ್ಪಣ್ಣನ ಮಿಲಿಟ್ರಿ ಟೊಪ್ಪಿಗಳು

“ಮಿಲಿಟ್ರಿಯ ಕಬ್ಬಿಣದ ಟೊಪ್ಪಿ ಕೈಗೆ ಬಂದ ಕೂಡ್ಲೆ ಎಲ್ಲರೂ ಅದರ ಹೊರಮೈ ನೋಡುದು. ಹೊರಗೆ ಎಂತ ಉಂಟು ಮಾರಾಯ್ರೆ? ಹೊರಗೆ ಯಾರು ಬೇಕಾದ್ರೂ ಬಣ್ಣ ಬಳಿಬಹುದು, ಕಲ್ಲಿನಲ್ಲಿ ಗುದ್ದಿ ಗುಂಡು ತಾಗಿದ್ದು ಅಂತ ಹೇಳ್ಬಹುದು. ನಾನು ಮೊದಲು ಮಗುಚಿ ಹಾಕಿ ಮೂಗು ಇಡುದು. ನಗ್ಬೇಡಿ. ಬೆವರು ಕುಡಿದ ಚರ್ಮಕ್ಕೆ ಒಂದು ವಾಸನೆ ಉಂಟು, ಹಳೇ ಜೀಪಿನ ಸೀಟು ಬಿಸಿಲಲ್ಲಿ ನಿಂತ ಹಾಗೆ. ಅದು ಐವತ್ತು ವರ್ಷ ಆದ್ರೂ ಹೋಗುದಿಲ್ಲ. ಶೂ ಪಾಲಿಶಿನ ವಾಸನೆ ಬಂತೋ, ಅಲ್ಲಿಗೇ ಸಂಶಯ.

“ಆಮೇಲೆ ಅಂಚು. ಬ್ರಿಟಿಷರ ಕಾಲದ ಹರಿವಾಣದ ಹಾಗಿನ ಟೊಪ್ಪಿ ಉಂಟಲ್ಲ, ಅದರ ಅಂಚಿಗೆ ಬೇರೆಯೇ ಒಂದು ಪಟ್ಟಿ ಸುತ್ತಿರ್ತದೆ. ಕಣ್ಣು ಮುಚ್ಚಿ ಉಗುರು ಎಳೀತಾ ಹೋದ್ರೆ ಒಂದು ಕಡೆ ಜೋಡಿಸಿದ್ದು ತಾಗ್ಬೇಕು. ತಾಗದಿದ್ರೆ ಅದು ಸಿನಿಮಾದವರದ್ದು. ಮತ್ತೆ ಮ್ಯಾಗ್ನೆಟ್. ಕಬ್ಬಿಣ ಅಂದ್ರೆ ಮ್ಯಾಗ್ನೆಟ್ ಹಿಡೀಬೇಕು ಅಂತ ನೀವು ಹೇಳುದು. ಆ ಕಾಲದ ಎಷ್ಟೋ ಟೊಪ್ಪಿಗೆ ಹಿಡಿಯುದೇ ಇಲ್ಲ! ಅದರ ಉಕ್ಕು ಬೇರೆ. ಹಿಡೀದಿದ್ರೆ ನನಗೆ ಖುಷಿ.

“ಈಗ ತುಕ್ಕು. ತುಕ್ಕು ಸುಳ್ಳು ಹೇಳುದಿಲ್ಲ ಅಂತ ಹೇಳ್ತಾರೆ. ಯಾರು ಹೇಳಿದ್ದು? ಅಡಿಕೆಗೆ ಬಿಡುವ ಮೈಲುತುತ್ತಿನ ನೀರಿಗೆ ಉಪ್ಪು ಹಾಕಿ ಎರಡು ದಿನ ಮುಳುಗಿಸಿ ಇಡಿ, ಮೊನ್ನೆ ಮಾಡಿದ ಟೊಪ್ಪಿಗೆ ನೂರು ವರ್ಷದ ತುಕ್ಕು ಬರ್ತದೆ. ಆದ್ರೆ ಕಳ್ಳನಿಗೆ ಒಂದು ಗೊತ್ತಿಲ್ಲ. ಆ ತುಕ್ಕು ಎಲ್ಲ ಕಡೆ ಒಂದೇ ಹದ, ಗೀರಿದ್ರೆ ಅಡಿಯಲ್ಲಿ ತಾಮ್ರದ ಕೆಂಪು ಹೊಳೀತದೆ. ಮನುಷ್ಯನ ತಲೆ ಮೇಲೆ ಇದ್ದ ಟೊಪ್ಪಿ ಹಾಗೆ ಸವೆಯುದಿಲ್ಲ. ಕೈ ಹಿಡಿಯುವ ಜಾಗ ಬೇರೆ, ನೆಲಕ್ಕೆ ಇಡುವ ಜಾಗ ಬೇರೆ. ಅದರ ಮೇಲೆ ಕೂತುಕೊಂಡದ್ದೂ ಗೊತ್ತಾಗ್ತದೆ, ಅದರಲ್ಲಿ ನೀರು ಕಾಯಿಸಿದ್ದೂ ಗೊತ್ತಾಗ್ತದೆ.

“ಇಷ್ಟು ಆಗುವವರೆಗೆ ನೀವು ಬಾಯಿ ಬಿಡ್ಬಾರ್ದು. ನನ್ನ ಅಜ್ಜನದ್ದು, ಬರ್ಮಾದಿಂದ ತಂದದ್ದು, ಅಂತೆಲ್ಲ ಹೇಳಿದ್ರೆ ನನ್ನ ಕಣ್ಣು ಹಾಳಾಗ್ತದೆ. ಕಥೆ ಕೇಳಿದ ಮೇಲೆ ಕಣ್ಣು ಕಥೆಯನ್ನೇ ನೋಡ್ತದೆ, ಟೊಪ್ಪಿಯನ್ನು ನೋಡುದಿಲ್ಲ. ಟೊಪ್ಪಿ ಮೊದಲು, ಕಥೆ ಆಮೇಲೆ. ಮತ್ತೊಂದು, ಕೇಳಿದವರಿಗೆ ಮಾತ್ರ ನಾನು ಹೇಳುದು. ಕೇಳದವರ ಮನೆಯ ಟೊಪ್ಪಿ ನನಗೆ ಪಾತ್ರೆಗೆ ಸಮ.”

ಇದು ದುಗ್ಗಪ್ಪಣ್ಣನ ಮಾತು. ಬಂದವರಿಗೆಲ್ಲ ಇದನ್ನೇ, ಇದೇ ಕ್ರಮದಲ್ಲಿ ಹೇಳುತ್ತಾರೆ. ನಾನು ಎಷ್ಟು ಸಲ ಕೇಳಿದ್ದೇನೆ ಎಂದರೆ, ಅವರು ಕೆಮ್ಮಿ ಎಲ್ಲಿ ನಿಲ್ಲಿಸುತ್ತಾರೆ ಎಂಬುದು ಕೂಡ ನನಗೆ ಗೊತ್ತು.

ಸುಳ್ಯದಿಂದ ಸಂಪಾಜೆಗೆ ಹೋಗುವ ರಸ್ತೆಯ ಬದಿಯಲ್ಲಿ ಹಿಂದೆ ಜೀಪುಗಳಿಗೆ ಟಿಂಕರಿಂಗ್ ಮಾಡುವ ಒಂದು ಶೆಡ್ ಇತ್ತು. ಘಾಟಿಯಲ್ಲಿ ಗುದ್ದಿಸಿಕೊಂಡು ಬಂದ ಗಾಡಿಗಳ ತಗಡನ್ನು ಬಡಿದು ನೇರ ಮಾಡಿ ಬಣ್ಣ ಹೊಡೆಯುವ ಕೆಲಸ. ದುಗ್ಗಪ್ಪಣ್ಣ ಇಪ್ಪತ್ತನೆಯ ವಯಸ್ಸಿನಿಂದ ಅಲ್ಲೇ ಇದ್ದವರು. ಶೆಡ್ ಮುಚ್ಚಿ ಹತ್ತು ಹನ್ನೆರಡು ವರ್ಷವಾಯಿತು. ಅದರ ಹಿಂದೆ ಸಾಲಾಗಿ ನಾಲ್ಕು ಬಾಡಿಗೆ ಕೋಣೆಗಳಿವೆ. ಒಂದರಲ್ಲಿ ಅವರು, ಪಕ್ಕದ್ದರಲ್ಲಿ ನಾನು. ನಾನು ಹಗಲಿಡೀ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವವಳು. ಬೀಡಿ ಕಟ್ಟುವವಳ ಕೈಗೂ ಕಣ್ಣಿಗೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ ಇರುತ್ತದೆ.

ಅವರಿಗೀಗ ಎಪ್ಪತ್ತಾರು ದಾಟಿತು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, “ಹೆಣ್ಣು ನೋಡ್ಲಿಕ್ಕೆ ಹೋಗ್ಬೇಕಾದ ದಿನ ಜೀಪಿನ ಅಡಿಯಲ್ಲಿದ್ದೆ, ಹೊರಗೆ ಬರುವಾಗ ತಲೆ ಹಣ್ಣಾಗಿತ್ತು” ಎನ್ನುತ್ತಾರೆ. ಕೋಣೆಯ ಗೋಡೆಗೆ ಮರದ ಗೂಟ ಹೊಡೆದು ಮೂವತ್ತೊಂದು ಟೊಪ್ಪಿ ತೂಗು ಹಾಕಿದ್ದಾರೆ. ಎಲ್ಲವೂ ಗುಜರಿ ಅಂಗಡಿಗಳಿಂದ, ಕೊಟ್ಟಿಗೆಗಳಿಂದ, ಕೋಳಿಗೂಡುಗಳಿಂದ ಬಂದವು. ನಮ್ಮ ಕಡೆಯಿಂದ, ಮತ್ತೆ ಪಕ್ಕದ ಕೊಡಗಿನಿಂದ, ಮಿಲಿಟ್ರಿಗೆ ಹೋದವರು ಬಹಳ. ಅವರು ತಂದ ಟೊಪ್ಪಿಗಳು ಅವರ ನಂತರ ಏನೇನೋ ಕೆಲಸ ಮಾಡಿವೆ. ಒಂದರಲ್ಲಿ ಹೇಂಟೆ ಕಾವಿಗೆ ಕುಳಿತಿತ್ತು. ನೆಲ್ಯಾಡಿಯ ಒಂದು ಮನೆಯಲ್ಲಿ ರಬ್ಬರ್ ಹಾಲು ಹುಯ್ಯಲು ಇಟ್ಟಿದ್ದರು. ಒಳಗೆ ಗಟ್ಟಿಯಾಗಿ ಅಂಟಿದ್ದ ರಬ್ಬರನ್ನು ದುಗ್ಗಪ್ಪಣ್ಣ ಹಲಸಿನ ಸೊಳೆ ಬಿಡಿಸಿದ ಹಾಗೆ ಬಿಡಿಸಿದಾಗ, ಅಡಿಯ ಬಣ್ಣ ನಿನ್ನೆ ಬಳಿದಂತೆ ಇತ್ತು. ಆ ದಿನ ಅವರು ನನ್ನನ್ನು ಕೂಗಿ ಕರೆದು ತೋರಿಸಿದರು. ತೋರಿಸಲು ಬೇರೆ ಯಾರೂ ಇರಲಿಲ್ಲ.

ಸುಳ್ಳು ಎಂದು ಗೊತ್ತಾದವನ್ನು ಅವರು ಗೂಟಕ್ಕೆ ಹಾಕುವುದಿಲ್ಲ. ಒಂದು ಸುಳ್ಳು ಟೊಪ್ಪಿಯಲ್ಲಿ ಅವರ ನೀರುಳ್ಳಿ ಬೆಳ್ಳುಳ್ಳಿ ಇರುತ್ತದೆ.

ದೂರದಿಂದ ಜನ ಬರುತ್ತಾರೆ. ಮಂಗಳೂರಿನಿಂದ, ಮಡಿಕೇರಿಯಿಂದ, ಒಮ್ಮೆ ಬೆಂಗಳೂರಿನಿಂದಲೂ ಇಬ್ಬರು ಬಂದಿದ್ದರು. ಚೀಲದಿಂದ ಟೊಪ್ಪಿ ತೆಗೆಯುತ್ತಾರೆ, ನಿಜವೋ ಸುಳ್ಳೋ ಕೇಳುತ್ತಾರೆ, ಹೋಗುತ್ತಾರೆ. ನಿಜ ಎಂದರೆ ಖುಷಿಯಲ್ಲಿ ಬೇಗ ಹೋಗುತ್ತಾರೆ. ಸುಳ್ಳು ಎಂದರೆ ಸಿಟ್ಟಿನಲ್ಲಿ ಇನ್ನೂ ಬೇಗ ಹೋಗುತ್ತಾರೆ. ಅವರು ಹೋದ ಮೇಲೆ ದುಗ್ಗಪ್ಪಣ್ಣ ಆ ಪ್ಲಾಸ್ಟಿಕ್ ಕುರ್ಚಿಯನ್ನು ಕೂಡಲೇ ಒಳಗಿಡುವುದಿಲ್ಲ. ಸಂಜೆಯವರೆಗೆ ಅದು ಅಂಗಳದಲ್ಲೇ ಇರುತ್ತದೆ.

ವರ್ಷಕ್ಕೆ ಒಂದು ದಿನ ಮಾತ್ರ ಅವರು ಬಿಳಿ ಪಂಚೆ ಉಟ್ಟು, ಬಾಗಿಲಿಗೆ ಬೀಗ ಹಾಕಿ, ಊಟಕ್ಕೆಂದು ಹೊರಡುತ್ತಿದ್ದರು. ಅದು ಮಳೆಗಾಲದ ಆಟಿ ತಿಂಗಳಲ್ಲಿ, ರಾಮಕುಂಜದ ಹತ್ತಿರದ ಅವರ ಅಕ್ಕ ಸುಂದರಿಯ ಮನೆಗೆ. ಆಟಿಯಲ್ಲಿ ಮನೆಯ ಸತ್ತವರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟಲ್ಲ, ಆ ದಿನ. ಸುಂದರಿಯಕ್ಕನ ಗಂಡ ಮೋನಪ್ಪ ಮಿಲಿಟ್ರಿಯಲ್ಲಿ ಲಾರಿ ಡ್ರೈವರ್ ಆಗಿದ್ದವರು, ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡರು. ಹೆಣ ಬರಲಿಲ್ಲ. ಮರುವರ್ಷ ಅವರ ಜೊತೆಗಾರ, ಪುತ್ತೂರಿನ ವೆಂಕಟ್ರಮಣ ಎಂಬವರು ರಜೆಯಲ್ಲಿ ಬಂದಾಗ ಒಂದು ಟೊಪ್ಪಿ ತಂದು ಕೊಟ್ಟು, “ಇದು ಮೋನಪ್ಪನದ್ದು” ಎಂದರು. ಅಂದಿನಿಂದ ಆ ಮನೆಯಲ್ಲಿ ಆಟಿಯ ದಿನ ಮಣೆಯ ಮೇಲೆ ಆ ಟೊಪ್ಪಿ ಇಟ್ಟು, ಅದರ ಎದುರು ಎಲೆ ಹಾಕಿ ಕೋಳಿಸಾರು, ಅಕ್ಕಿರೊಟ್ಟಿ, ಒಂದು ಲೋಟ ಕಳ್ಳು ಬಡಿಸುತ್ತಿದ್ದರು.

ಮೊದಲ ವರ್ಷವೇ ಒಂದು ತೊಡಕು ಬಂದಿತ್ತು. ತುಕ್ಕು ಹಿಡಿದ ಕಬ್ಬಿಣವನ್ನು ಸತ್ತವರ ಮಣೆಯ ಮೇಲೆ ಇಡುವಂತಿಲ್ಲ ಎಂದು ಸುಂದರಿಯಕ್ಕನ ಅತ್ತೆ ಹಟ ಹಿಡಿದರು. “ನಿನ್ನ ತಮ್ಮ ಜೀಪಿಗೆ ಬಣ್ಣ ಹೊಡೆಯುವವನಲ್ವಾ, ಅವನ ಹತ್ರ ಕೊಡು” ಎಂದರು. ದುಗ್ಗಪ್ಪಣ್ಣನಿಗೆ ಆಗ ಇಪ್ಪತ್ತನಾಲ್ಕು. ಭಾವನ ಟೊಪ್ಪಿ ಎಂದು ಕೈಯಲ್ಲಿದ್ದ ವಿದ್ಯೆಯನ್ನೆಲ್ಲ ಸುರಿದರು. ಹೊರಗಿನದನ್ನು ಉಕ್ಕು ಕಾಣುವವರೆಗೆ ಉಜ್ಜಿ, ಹೊಂಡಕ್ಕೆ ಪುಟ್ಟಿ ತುಂಬಿ, ಮೂರು ಕೋಟು ಹಸಿರು ಬಣ್ಣ ಹೊಡೆದರು. ಮುಖ ಕಾಣುವಷ್ಟು ಹೊಳಪು. ಒಳಗಿನ ಚರ್ಮದ ಪಟ್ಟಿ ಬಿಚ್ಚಿ ಅಲ್ಲಿಯೂ ಬಳಿದರು, ಆದರೆ ಅಕ್ಕನ ಮನೆ ಕಡೆಗೆ, ಕಡಬಕ್ಕೆ ಹೋಗುವ ಕೊನೆಯ ಬಸ್ಸಿನ ಹೊತ್ತಾಗಿತ್ತೆಂದು ಉಜ್ಜದೆ, ಇದ್ದದ್ದರ ಮೇಲೆಯೇ ಬಳಿದರು.

“ಈಗ ಯಾರಾದ್ರೂ ಹಾಗೆ ಮಾಡಿ ತಂದ್ರೆ ನಾನು ಅಂಗಳಕ್ಕೇ ಹತ್ತಿಸುದಿಲ್ಲ” ಎಂದು ಒಮ್ಮೆ ನನ್ನಲ್ಲಿ ಹೇಳಿದ್ದರು. “ಊರವರ ಟೊಪ್ಪಿಯೆಲ್ಲ ಓದ್ಲಿಕ್ಕೆ ಕಲ್ತೆ. ನಮ್ಮ ಮನೆಯದ್ದನ್ನು ನಾನೇ ಒರಸಿ ಹಾಕಿದ್ದೆ.”

ಹೋದ ವರ್ಷ ಆಟಿಗೆ ಇನ್ನೂ ಹದಿನೈದು ದಿನವಿರುವಾಗ ಒಂದು ಬಿಳಿ ಕಾರು ಬಂದು ನಿಂತಿತು. ಇಳಿದವರು ಸಾಹುಲ್ ಹಮೀದ್, ನೆಲ್ಯಾಡಿಯಲ್ಲಿ ಹೆದ್ದಾರಿಯ ಬದಿ ಟಯರ್ ಅಂಗಡಿ ಇರುವವರು, ಬ್ಯಾರಿ ಮುಸ್ಲಿಮರು. ಅರುವತ್ತರ ಆಸುಪಾಸು, ಗಡ್ಡ ಬೆಳ್ಳಗಾಗಿತ್ತು. ಕೈ ಖಾಲಿ ಇತ್ತು.

“ದುಗ್ಗಪ್ಪಣ್ಣ, ನಾನು ಒಂದು ವಿಷಯ ಹೇಳ್ಬೇಕಿತ್ತು…”

“ಕಥೆ ಆಮೇಲೆ” ಎಂದರು ಇವರು, ಕನ್ನಡಕ ಒರಸುತ್ತಾ. “ಟೊಪ್ಪಿ ಎಲ್ಲುಂಟು?”

“ಟೊಪ್ಪಿ ನಿಮ್ಮ ಅಕ್ಕನ ಮನೆಯಲ್ಲಿ ಉಂಟು.”

ಕನ್ನಡಕ ಒರಸುವ ಕೈ ನಿಂತಿತು. ನಾನೂ ಕತ್ತರಿ ಕೆಳಗಿಟ್ಟೆ.

ಹಮೀದ್ ಹೇಳಿದ್ದು ಇಷ್ಟು. ಅವರ ಬಾಪ ಹಸನಬ್ಬ ಕೂಡ ಅದೇ ಯುದ್ಧದಲ್ಲಿ, ಅದೇ ಲಾರಿಯಲ್ಲಿ ಮೋನಪ್ಪನ ಜೊತೆ ಇದ್ದವರು. ಲಾರಿಯ ಮೇಲೆ ಬಾಂಬು ಬಿತ್ತು. ಆಮೇಲೆ ವೆಂಕಟ್ರಮಣರಿಗೆ ಪಕ್ಕದ ಗದ್ದೆಯಲ್ಲಿ ಸಿಕ್ಕಿದ್ದು ಒಂದೇ ಟೊಪ್ಪಿ. ಯಾರದ್ದು ಎಂದು ಅವರಿಗೆ ಗೊತ್ತಿರಲಿಲ್ಲ. ಊರಿಗೆ ಬಂದವರು ಮೊದಲು ಹಮೀದರ ಮನೆಗೇ ಹೋಗಿದ್ದರು. ಉಮ್ಮ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗಿದ್ದರಿಂದ ಬಾಗಿಲು ಹಾಕಿತ್ತು. ಅಲ್ಲಿಂದ ರಾಮಕುಂಜಕ್ಕೆ ಬಂದರು.

“ನಿಮ್ಮ ಅಕ್ಕ ಅಂಗಳದಲ್ಲಿ ಬಿದ್ದು ಅಳ್ತಾ ಇದ್ರಂತೆ. ‘ಆ ಹೆಂಗಸಿನ ಎದುರು ನಿಂತು, ಇದು ಯಾರದ್ದು ಅಂತ ಗೊತ್ತಿಲ್ಲ ಅಂತ ಹೇಗೆ ಹೇಳುದು ಹಮೀದ್? ಮೋನಪ್ಪನದ್ದು ಅಂತ ಹೇಳಿಬಿಟ್ಟೆ.’ ವೆಂಕಟ್ರಮಣಣ್ಣ ಆಸ್ಪತ್ರೆಯಲ್ಲಿ ಮಲಗಿದಲ್ಲಿಂದ ನನಗೆ ಹೇಳಿದ್ದು ಇದು. ಅವರು ಹೋಗಿ ಆರು ತಿಂಗಳಾಯ್ತು. ಒಳಗೆ ಮಿಲಿಟ್ರಿ ನಂಬರು ಬರೆದಿತ್ತು ಅಂತ ಸಹ ಹೇಳಿದ್ರು. ಯಾರ ನಂಬರು ಅಂತ ಆಗ ವಿಚಾರಿಸ್ಲಿಲ್ಲ, ಈಗ ನೆನಪೂ ಇಲ್ಲ ಅಂತ ಹೇಳಿದ್ರು. ನನಗೆ ಟೊಪ್ಪಿ ಬೇಡ ದುಗ್ಗಪ್ಪಣ್ಣ. ನನ್ನ ಉಮ್ಮನಿಗೆ ಎಂಬತ್ತಮೂರು, ಕಣ್ಣು ಕಾಣುದಿಲ್ಲ. ಬಾಪನದ್ದು ಎಂತಾದ್ರೂ ವಾಪಸು ಬಂತಾ ಇಲ್ವಾ ಅಂತ ಒಂದು ಅವರಿಗೆ ಹೇಳ್ಬೇಕು. ನೀವು ಸುಳ್ಳು ಹೇಳುವವರಲ್ಲ ಅಂತ ಸುಳ್ಯದಲ್ಲಿ ಎಲ್ಲರೂ ಹೇಳ್ತಾರೆ.”

ದುಗ್ಗಪ್ಪಣ್ಣ ಕನ್ನಡಕವನ್ನು ಮೂಗಿಗೆ ಏರಿಸಿದರು. “ಅಕ್ಕನನ್ನು ಕೇಳದೆ ನಾನು ಮುಟ್ಟುದಿಲ್ಲ” ಎಂದರು.

ಫೋನಿನಲ್ಲಿ ಅವರು ಅಕ್ಕನಿಗೆ ಹೇಗೆ ಹೇಳಿದರೋ, ಗೋಡೆಯ ಆಚೆಯಿಂದ ನನಗೆ ಕೇಳಿಸಿದ್ದು “ಹೌದು ಅಕ್ಕ”, “ಇಲ್ಲ ಅಕ್ಕ”, “ಸಂಶಯ ಅಲ್ಲ ಅಕ್ಕ” ಎಂಬುದು ಮಾತ್ರ.

ಬುಧವಾರ ಸುಂದರಿಯಕ್ಕ ಬಸ್ಸಿನಲ್ಲಿ ಬಂದರು. ಎಂಬತ್ತು ದಾಟಿದ ಗಟ್ಟಿ ಹೆಂಗಸು. ವಯರಿನ ಚೀಲದಲ್ಲಿ ಟೊಪ್ಪಿ, ಅದರ ಮೇಲೆ ಒಂದು ಹೊಸ ತೋರ್ತು, ಮೈ ಒರಸುವ ಬಟ್ಟೆ, ಮುಚ್ಚಿತ್ತು. ಹಮೀದ್ ಮೊದಲೇ ಬಂದು ಅಂಗಳದಲ್ಲಿ ನಿಂತಿದ್ದರು.

“ನೀನಾ ಹಸನಬ್ಬನ ಮಗ?” ಎಂದು ಸುಂದರಿಯಕ್ಕ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. “ನನ್ನ ಗಂಡನ ಟೊಪ್ಪಿ ನಿನ್ನ ಬಾಪನದ್ದು ಹೇಗೆ ಆಗ್ತದೆ ಮಾರಾಯ? ಐವತ್ತು ವರ್ಷ ನಾನು ಬಡಿಸಿದ್ದೇನೆ. ಬೇರೆಯವರದ್ದಾಗಿದ್ರೆ ನನ್ನ ಕನಸಿಗಾದ್ರೂ ಬಂದು ಹೇಳ್ತಿರ್ಲಿಲ್ವಾ?”

“ಆಗದಿದ್ರೆ ಇನ್ನೂ ಒಳ್ಳೇದು ಸುಂದರಿಯಕ್ಕ. ನಿಮ್ಮದು ನಿಮಗೇ ಇರ್ಲಿ.”

“ಮಾತು ಬೆಣ್ಣೆ ಹಾಗೆ ಉಂಟು ಇವನದ್ದು” ಎಂದು ನನ್ನತ್ತ ತಿರುಗಿ ಹೇಳಿ, ಚೀಲವನ್ನು ತಮ್ಮನ ಕೈಗೆ ಕೊಟ್ಟರು. “ತಕೊ ದುಗ್ಗು. ಉಜ್ಜು. ನನಗೆ ಎಂತದೂ ಹೆದರಿಕೆ ಇಲ್ಲ. ಅವರ ನಂಬರು ನನಗೆ ಬಾಯಿಪಾಠ ಉಂಟು. ಪೆನ್ಶನ್ ಆಫೀಸಿನಲ್ಲಿ ಹೇಳಿ ಹೇಳಿ, ಶಾಲೆಗೆ ಹೋಗದವಳು ಅದೊಂದು ಕಲ್ತದ್ದು.”

ದುಗ್ಗಪ್ಪಣ್ಣ ಒಳಗೆ ಹೋದರು. ನಾನು ಚಾ ಮಾಡಿದೆ. ನನ್ನ ಜಗಲಿಯಲ್ಲಿ ಇಬ್ಬರೂ ಕುಳಿತರು, ನಡುವೆ ನನ್ನ ಬೀಡಿಯ ಗೆರಸೆ. ಒಳಗಿನಿಂದ ನೀರಿನಲ್ಲಿ ಉಜ್ಜುಕಾಗದ ಆಡಿಸುವ ಸದ್ದು ಬರುತ್ತಿತ್ತು, ಬೆಕ್ಕು ತಟ್ಟೆ ನೆಕ್ಕಿದ ಹಾಗೆ. ಮೇಲಿನ ಬಣ್ಣ ಹೋಗಬೇಕು, ಅಡಿಯ ಬಣ್ಣ ಉಳಿಯಬೇಕು. ಒಂದು ಹೆಬ್ಬೆರಳಿನಷ್ಟು ಅಗಲ ತೆಗೆಯಲು ಅರ್ಧ ಗಂಟೆ ಬೇಕು ಎಂದು ಅವರು ಮೊದಲೇ ಹೇಳಿದ್ದರು.

ಒಂದು ಗಂಟೆಯಾದ ಮೇಲೆ ಸದ್ದು ನಿಂತಿತು. “ಒಮ್ಮೆ ಒಳಗೆ ಬನ್ನಿ” ಎಂದು ನನ್ನನ್ನು ಮಾತ್ರ ಕರೆದರು.

ಟೊಪ್ಪಿ ಅವರ ಮಡಿಲಲ್ಲಿ ಮಗುಚಿ ಇತ್ತು. ಒಳಗಿನ ಹಸಿರಿನ ನಡುವೆ ಸಣ್ಣದೊಂದು ಚೌಕ ಮಾತ್ರ ಮಬ್ಬು ಕಂದು ಬಣ್ಣ. “ನಿಮಗೆ ಕಥೆ ಗೊತ್ತುಂಟು, ನಂಬರು ಗೊತ್ತಿಲ್ಲ. ಎಂತ ಕಾಣ್ತದೆ ಹೇಳಿ.”

ನಾನು ಮೂರನೆಯ ಕ್ಲಾಸಿನವರೆಗೆ ಹೋದವಳು, ಅಂಕೆ ಓದಲು ಬರುತ್ತದೆ. ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಬಿಳಿ ಬಣ್ಣದಲ್ಲಿ, ಕುಂಚದಲ್ಲಿ ಬರೆದದ್ದು. ಮುಂದಿನ ಅಂಕೆಗಳು ಹೋಗಿದ್ದವು. ಕೊನೆಯ ಮೂರು ಉಳಿದಿದ್ದವು. “ಎಂಟು. ಒಂದು. ಆರು” ಎಂದೆ.

“ನನಗೂ ಹಾಗೇ ಕಂಡದ್ದು.”

ಅಕ್ಕನ ಬಾಯಿಪಾಠದ ನಂಬರು ಅವರಿಗೂ ಗೊತ್ತು. ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು, ಅದು ಮೋನಪ್ಪನದ್ದಲ್ಲ ಎಂದು. ಹೊರಗೆ ಸುಂದರಿಯಕ್ಕ ಹಮೀದರಿಗೆ ನಾಯಿ ಕಡಿದ ಒಂದು ಕಥೆ ಹೇಳಿ ನಗಿಸುತ್ತಿದ್ದರು. ಕಪಾಟಿನ ಮೇಲೆ ಹಸಿರು ಬಣ್ಣದ ಒಂದು ಸಣ್ಣ ಡಬ್ಬಿ ಇತ್ತು, ಪಕ್ಕದಲ್ಲಿ ಬ್ರಶ್ ಇತ್ತು. ಎರಡು ಸಲ ಎಳೆದರೆ ಸಾಕು. ಏನೂ ಕಾಣಲಿಲ್ಲ ಎಂದರೆ ಇಡೀ ತಾಲೂಕಿನಲ್ಲಿ ಅವರ ಮಾತಿಗೆ ಎದುರು ಹೇಳುವವರಿಲ್ಲ. ಅವರು ಆ ಡಬ್ಬಿಯನ್ನು ನೋಡಿದರು. ನಾನು ನೋಡಿದ್ದನ್ನೂ ನೋಡಿದರು.

“ಎಂಬತ್ತು ವರ್ಷದ ಅಕ್ಕ” ಎಂದರು.

“ಅವರ ಉಮ್ಮನಿಗೆ ಎಂಬತ್ತಮೂರು ಅಂತ ಹೇಳಿದ್ರಲ್ಲ” ಎಂದೆ ನಾನು.

ಅವರು ಎದ್ದು ಟೊಪ್ಪಿಯನ್ನು ಅದೇ ಹೊಸ ತೋರ್ತಿನಲ್ಲಿ ಒರಸಿ, ಹೊರಗೆ ತಂದು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಟ್ಟರು. “ಕೊನೆಯ ಮೂರು ಅಂಕೆ ಉಂಟು. ಎಂಟು, ಒಂದು, ಆರು.”

“ಅಲ್ಲ” ಎಂದರು ಸುಂದರಿಯಕ್ಕ, ಮಗುವಿನ ತಪ್ಪು ತಿದ್ದುವ ಹಾಗೆ. “ಐದು, ಎರಡು, ನಾಲ್ಕು. ಸರಿ ನೋಡು, ನಿನಗೆ ಕಣ್ಣಿಗೆ ಪೊರೆ ಬಂದಿದೆ.”

“ನಾನೂ ನೋಡಿದೆ ಸುಂದರಿಯಕ್ಕ” ಎಂದೆ.

ಹಮೀದ್ ಅಂಗಿಯ ಕಿಸೆಯಿಂದ ಪ್ಲಾಸ್ಟಿಕಿನಲ್ಲಿ ಸುತ್ತಿದ ಉಮ್ಮನ ಪೆನ್ಶನ್ ಪುಸ್ತಕ ತೆಗೆದರು. ಪುಟ ಬಿಡಿಸಿ ದುಗ್ಗಪ್ಪಣ್ಣನಿಗೆ ತೋರಿಸಿದರು, ಅಕ್ಕನಿಗೆ ತೋರಿಸಲು ಕೈ ಏಳಲಿಲ್ಲ. ದುಗ್ಗಪ್ಪಣ್ಣ “ಇದರಲ್ಲೂ ಅದೇ ಮೂರು” ಎಂದು ತಲೆಯಾಡಿಸಿದರು. ರಸ್ತೆಯಲ್ಲಿ ಒಂದು ಲಾರಿ ಸಂಪಾಜೆ ಕಡೆಗೆ ಏರುತ್ತಾ ಹೋಯಿತು.

ಆಮೇಲೆ ಸುಂದರಿಯಕ್ಕ ಹಣೆಗೆ ಕೈ ಬಡಿದುಕೊಂಡರು. “ಅಯ್ಯೋ ದೇವರೇ! ಹಾಗಾದ್ರೆ ಇಷ್ಟು ವರ್ಷ ನಾನು ಕೋಳಿ ಬಡಿಸಿದ್ದು ಬ್ಯಾರಿಗಾ?”

ಹಮೀದ್ ತಲೆ ಎತ್ತಿ ಮೆಲ್ಲ ಹೇಳಿದರು. “ನನ್ನ ಬಾಪನಿಗೆ ಕೋಳಿಸಾರು ಅಂದ್ರೆ ಜೀವ ಅಂತೆ ಸುಂದರಿಯಕ್ಕ. ಉಮ್ಮ ಈಗಲೂ ಹೇಳ್ತಾರೆ.”

“ಕಳ್ಳು ಸಹ ಇಟ್ಟಿದ್ದೇನೆ ಮಾರಾಯ!”

“ಅದನ್ನು ಮೋನಪ್ಪಣ್ಣನಿಗೆ ದಾಟಿಸಿರ್ತಾರೆ. ಇಬ್ಬರೂ ಒಂದೇ ಲಾರಿಯವರಲ್ವಾ.”

ಸುಂದರಿಯಕ್ಕ ನಕ್ಕರು. ನಗುತ್ತಾ ನಗುತ್ತಾ ಸೆರಗು ಬಾಯಿಗೆ ಒತ್ತಿಕೊಂಡರು, ಅದು ಅಳುವಾಯಿತು. ಹಮೀದರೂ ಕಣ್ಣು ಒರಸಿಕೊಂಡರು. ಆಮೇಲೆ ಸುಂದರಿಯಕ್ಕನೇ ಟೊಪ್ಪಿಯನ್ನು ಎತ್ತಿ ಹಮೀದರ ಕೈಗೆ ಕೊಟ್ಟರು. “ತಕೊಂಡು ಹೋಗು. ನಿನ್ನ ಉಮ್ಮ ಮುಟ್ಟಿ ನೋಡ್ಲಿ.”

ಇಲ್ಲಿಗೆ ಎಲ್ಲ ಒಳ್ಳೆಯದಾಯಿತು ಎಂದು ನಾನು ಗೆರಸೆಯನ್ನು ಮಡಿಲಿಗೆ ಎಳೆದುಕೊಂಡೆ. ಆದರೆ ಸುಂದರಿಯಕ್ಕ ತಮ್ಮನತ್ತ ತಿರುಗಿದ್ದರು.

“ದುಗ್ಗು. ನೀನು ಇದನ್ನು ಇದಕ್ಕೆ ಮುಂಚೆ ಸರಿಯಾಗಿ ನೋಡಿದ್ದಿಲ್ವಾ?”

ದುಗ್ಗಪ್ಪಣ್ಣ ಕೈಯಲ್ಲಿದ್ದ ತೋರ್ತನ್ನು ಮಡಚತೊಡಗಿದರು.

“ಊರವರೆಲ್ಲ ಟೊಪ್ಪಿ ಹೊತ್ತುಕೊಂಡು ನಿನ್ನ ಹತ್ರ ಬರ್ತಾರೆ. ಕಣ್ಣು ಮುಚ್ಚಿ ಉಗುರಿನಲ್ಲಿ ಹೇಳ್ತಾನೆ ಅಂತ ಹೇಳ್ತಾರೆ. ವರ್ಷ ವರ್ಷ ಮಣೆಯ ಮೇಲೆ ಇದನ್ನು ಇಡುದು ನೀನೇ. ನಿನಗೆ ಎಂತದೂ ಗೊತ್ತಾಗ್ಲಿಲ್ವಾ?”

ಬೇರೆ ಯಾರಾದರೂ ಆಗಿದ್ದರೆ ಇಲ್ಲ ಎನ್ನುತ್ತಿದ್ದರು. ಇವರು ಹೇಳಿದ್ದು, “ಭಾವನ ತಲೆಗೆ ಇದು ಸಣ್ಣದು ಅಂತ ಕಾಣ್ತಿತ್ತು.”

ಮೋನಪ್ಪನ ತಲೆ ದೊಡ್ಡದು ಎಂಬುದು ಆ ಊರಿಗೇ ಗೊತ್ತಿದ್ದ ಸಂಗತಿಯಂತೆ. ಮದುವೆಯ ದಿನ ಪೇಟ ಸಾಲದೆ ಇನ್ನೊಂದು ಶಾಲು ಸೇರಿಸಿ ಕಟ್ಟಿದ್ದರಂತೆ.

“ಯಾವಾಗಿಂದ ಕಾಣ್ತಿತ್ತು?”

“ಟೊಪ್ಪಿಯ ಅಳತೆ ನೋಡ್ಲಿಕ್ಕೆ ಕಲ್ತ ಮೇಲೆ. ಒಂದು ಮೂವತ್ತು ವರ್ಷ ಆಗಿರ್ಬಹುದು. ಗೊತ್ತಿರ್ಲಿಲ್ಲ ಅಕ್ಕ, ಸಂಶಯ. ಮಿಲಿಟ್ರಿಯಲ್ಲಿ ಸಿಕ್ಕಿದ ಅಳತೆ ಕೊಡುದೂ ಉಂಟು. ಕೇಳಿದವರಿಗೆ ಮಾತ್ರ ಹೇಳುದು ನನ್ನ ಕ್ರಮ. ನೀನು ಕೇಳ್ಲಿಲ್ಲ.”

“ನಾನು ನಿನ್ನ ಗಿರಾಕಿಯಾ?”

ಅವರು ಕೂಗಲಿಲ್ಲ. ಮೆತ್ತಗೆ ಹೇಳಿದರು.

“ಮೂವತ್ತು ಆಟಿ ನೀನು ನನ್ನ ಪಕ್ಕ ನಿಂತು ಕೈ ಮುಗಿದೆ. ನಾನು ಅವರ ಹತ್ರ ಮಾತಾಡುವಾಗ, ಮಕ್ಕಳ ಸಂಗತಿ ಹೇಳುವಾಗ, ಈ ಮುದುಕಿ ಯಾರ ಹತ್ರ ಮಾತಾಡ್ತಾಳೆ ಅಂತ ನಿನಗೆ ಸಂಶಯ ಇತ್ತು. ಆಮೇಲೆ ನೀನು ಕೂತು ಉಂಡೆ. ಇನ್ನೆರಡು ರೊಟ್ಟಿ ಹಾಕು ಅಂತ ಹೇಳಿ ಉಂಡೆ.”

“ಅಕ್ಕ…”

“ಆ ವೆಂಕಟ್ರಮಣಣ್ಣ ನನ್ನ ಅಳು ನೋಡಿ ಒಂದು ದಿನ ಸುಳ್ಳು ಹೇಳಿದ್ರು. ಅದು ನನಗೆ ಬೇಜಾರಿಲ್ಲ.”

ಅಷ್ಟು ಹೇಳಿ ಖಾಲಿ ಚೀಲವನ್ನು ಮಡಚಿ ಕಂಕುಳಿಗೆ ಇಟ್ಟುಕೊಂಡರು. ಬಸ್ಸಿಗೆ ಬಿಡುತ್ತೇನೆಂದು ದುಗ್ಗಪ್ಪಣ್ಣ ಚಪ್ಪಲಿ ಮೆಟ್ಟಿದರು. ಸುಂದರಿಯಕ್ಕ ಅವರತ್ತ ನೋಡದೆ ಹಮೀದರನ್ನು ಕೇಳಿದರು. “ನಿನ್ನ ಕಾರು ರಾಮಕುಂಜದ ದಾರಿಯಲ್ಲಿ ಹೋಗ್ತದಾ?”

ಹೋಗುತ್ತದೆ ಎಂದರು ಹಮೀದ್. ಸ್ವಲ್ಪ ಸುತ್ತು ದಾರಿ, ಆದರೆ ಅವರು ಅದನ್ನು ಹೇಳಲಿಲ್ಲ.

ಟೊಪ್ಪಿಯನ್ನು ಹಿಂದಿನ ಸೀಟಿನಲ್ಲಿಟ್ಟು, ಸುಂದರಿಯಕ್ಕ ಮುಂದೆ ಕುಳಿತರು. ಕಾರು ತಿರುಗಿ ಹೋದ ಮೇಲೂ ದುಗ್ಗಪ್ಪಣ್ಣ ಚಪ್ಪಲಿ ಹಾಕಿಕೊಂಡು ಅಂಗಳದಲ್ಲೇ ನಿಂತಿದ್ದರು.

ಮರುದಿನ ಹಮೀದ್ ಫೋನ್ ಮಾಡಿದರು. ದುಗ್ಗಪ್ಪಣ್ಣನಿಗೆ ಕಿವಿ ಮಂದ, ಫೋನಿನ ಸ್ಪೀಕರ್ ಹಾಕುತ್ತಾರೆ, ಹಾಗಾಗಿ ನನಗೂ ಕೇಳಿಸಿತು. ಉಮ್ಮ ಮೊದಲು ಹೊರಗೆ ಸವರಿ ನೋಡಿ, “ಇದು ಹೊಸದಲ್ವಾ, ಅಂಗಡಿಯಿಂದ ತಂದು ನನಗೆ ಸಮಾಧಾನ ಮಾಡ್ಬೇಡ” ಎಂದು ದೂಡಿದರಂತೆ. ಆ ಹೊಳಪಿನ ಬಣ್ಣದ ನುಣುಪಿಗೆ ಅವರ ಕೈ ನಂಬಲಿಲ್ಲ. ಆಮೇಲೆ ಹಮೀದ್ ಅವರ ಬೆರಳನ್ನು ಹಿಡಿದು ಒಳಗಿನ ಆ ಚೌಕದ ಮೇಲೆ ಇಟ್ಟರಂತೆ. ಬರೆದ ಬಣ್ಣದ ದಪ್ಪ ಬೆರಳಿಗೆ ತಾಗಿತು. “ಈಗ ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದಾರೆ. ಎಂತ ಮಾಡುದು, ಊಟಕ್ಕೂ ಏಳುದಿಲ್ಲ” ಎಂದರು ಹಮೀದ್. ದುಗ್ಗಪ್ಪಣ್ಣ “ಒಳ್ಳೇದಾಯ್ತು” ಎಂದರು. ಫೋನ್ ಇಟ್ಟ ಮೇಲೆ ಇನ್ನೊಮ್ಮೆ “ಒಳ್ಳೇದಾಯ್ತು” ಎಂದರು, ಯಾರಿಗೋ.

ಆಟಿಯ ದಿನ ಬಂತು. ಅವರ ಬಿಳಿ ಪಂಚೆ ಹಿಂದಿನ ದಿನವೇ ಒಗೆದು ಹಗ್ಗದಲ್ಲಿ ಒಣಗಿತ್ತು. ಬೆಳಿಗ್ಗೆ ಎಂಟಕ್ಕೆ ಸುಂದರಿಯಕ್ಕನ ಮೊಮ್ಮಗಳು ಪ್ರೀತಿಕಾ ಫೋನ್ ಮಾಡಿದಳು. ಒಳ್ಳೆಯ ಹುಡುಗಿ, ಹೇಳಲು ಕಷ್ಟಪಟ್ಟಳು.

“ಅಜ್ಜ, ಈ ಸಲ ಅಜ್ಜಿ ಮಣೆ ಮಾತ್ರ ಇಡ್ತಾರಂತೆ. ಮಣೆ ಮೇಲೆ ಎಂತದೂ ಇಡುದಿಲ್ಲ. ಮತ್ತೆ… ನಿಮಗೆ ಈ ಮಳೆಯಲ್ಲಿ ಬರ್ಲಿಕ್ಕೆ ಕಷ್ಟ ಆಗ್ತದೆ ಅಂತ ಹೇಳಿದ್ರು.”

ಹೊರಗೆ ಬಿಸಿಲು ಬಿದ್ದಿತ್ತು.

“ಹೌದು ಮಗಾ, ಕಷ್ಟ” ಎಂದರು ದುಗ್ಗಪ್ಪಣ್ಣ. “ಅಜ್ಜಿ ಮಾತ್ರೆ ತಕೊಳ್ತಾರಾ?”

“ತಕೊಳ್ತಾರೆ.”

“ಸರಿ ಹಾಗಾದ್ರೆ.”

ನಾನು ಬೀಡಿಯ ಎಲೆಗೆ ನೀರು ಚಿಮುಕಿಸುತ್ತಾ, ಮಧ್ಯಾಹ್ನಕ್ಕೆ ನನ್ನಲ್ಲಿ ಪತ್ರೊಡೆ ಉಂಟು ಎಂದೆ. “ಬೇಡ, ನನಗೆ ಗಂಜಿ ಸಾಕು” ಎಂದರು. ನಾನು ಒತ್ತಾಯ ಮಾಡಲಿಲ್ಲ. ಅವರು ಪಂಚೆಯನ್ನು ಹಗ್ಗದಿಂದ ತೆಗೆದು, ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿಟ್ಟರು.

ಹತ್ತೂವರೆಗೆ ಒಬ್ಬರು ಬೈಕಿನಲ್ಲಿ ಬಂದರು, ಚೀಲದಲ್ಲಿ ದುಂಡಗಿನ ವಸ್ತು ಇತ್ತು. ದುಗ್ಗಪ್ಪಣ್ಣ ಬಾಗಿಲಲ್ಲೇ ನಿಂತು, “ಇವತ್ತು ಇಲ್ಲ ಮಾರಾಯ್ರೆ” ಎಂದು ಕಳಿಸಿದರು. ನಾನು ಇಲ್ಲಿ ಇದ್ದಷ್ಟು ವರ್ಷಗಳಲ್ಲಿ, ಬಂದವರನ್ನು ಅವರು ಹಾಗೆ ಕಳಿಸಿದ್ದು ಕಂಡಿರಲಿಲ್ಲ.

ಹನ್ನೊಂದಕ್ಕೆ, ಬೇರೆ ವರ್ಷ ಅವರು ಅಕ್ಕನ ಮನೆಯ ದಾರಿಯಲ್ಲಿರುವ ಹೊತ್ತಿಗೆ, ನಳ್ಳಿಯಲ್ಲಿ ನೀರು ಬಂತು. ನಮ್ಮ ಸಾಲಿಗೆ ಒಂದೇ ನಳ್ಳಿ, ಮುಕ್ಕಾಲು ಗಂಟೆ ಮಾತ್ರ ಬರುತ್ತದೆ. ಅವರು ಲುಂಗಿ ಎತ್ತಿ ಕಟ್ಟಿ, ಬಕೆಟು ಒಂದು, ಕೊಡ ಎರಡು ತಂದಿಟ್ಟರು. ಮೊದಲು ಬಂದ ಕೆಸರು ನೀರನ್ನು ಅಂಗಳಕ್ಕೆ ಚೆಲ್ಲಿದರು. ಕೊಡದ ಬಾಯಿಗೆ ಬಟ್ಟೆ ಕಟ್ಟಿ, ತುಂಬುವವರೆಗೆ ಕುಕ್ಕುರುಗಾಲಿನಲ್ಲಿ ಕುಳಿತರು. ತುಂಬಿದ್ದನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ಕೊಂಡುಹೋಗಿ ಇಟ್ಟು ಬಂದು, ಇನ್ನೊಂದನ್ನು ನಳ್ಳಿಯ ಅಡಿಗೆ ಸರಿಸಿದರು.